ಮಹಡಿ ಹತ್ತದ ಜೋಗುಳ

ಮುಳಬಾಗಿಲಿನ ನಮ್ಮ ಮನೆಯಲ್ಲಿ ಆಗ ಎರಡು ಕಂಪ್ಯೂಟರುಗಳಿದ್ದವು. ಕೆಳಗಿನದು ನನ್ನದು, ಹಳೆಯದು. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಸಂಘಗಳ ಕರಪತ್ರ ಇಂಥವನ್ನು ಅದರಲ್ಲಿ ಟೈಪ್ ಮಾಡಿ ಪ್ರೆಸ್ಸಿನವರಿಗೆ ಕೊಡುತ್ತಿದ್ದೆ. ಮೇಲಿನದು ಮೈದುನನದು. ಮದುವೆಯಾದ ಮೇಲೆ ಅವನು ಮಹಡಿಯ ಎರಡು ಕೋಣೆಗಳಿಗೆ ಹೋಗಿದ್ದ. ಅವನ ಹೊಸ ಕಂಪ್ಯೂಟರಿನಲ್ಲಿ ಸಿಡಿ ರೈಟರ್ ಇತ್ತು, ಪಕ್ಕದಲ್ಲಿ ಒಳ್ಳೆಯ ಪ್ರಿಂಟರ್ ಇತ್ತು. ಅವನೇ ಒಂದು ಭಾನುವಾರ ಉದ್ದನೆಯ ನೀಲಿ ವೈರೊಂದನ್ನು ಮೇಲಿನ ಕಿಟಕಿಯಿಂದ ನೀರಿನ ಪೈಪಿನ ಗುಂಟ ಇಳಿಸಿ, ಎರಡಕ್ಕೂ ನಂಟು ಬೆಳೆಸಿದ್ದ. ನನ್ನ ಪತ್ರಿಕೆಗಳು ಸಣ್ಣ ಫೈಲುಗಳು. ತಡವಾದರೂ ಹೇಗೋ ಮೇಲೆ ಹೋಗಿ ಪ್ರಿಂಟಾಗುತ್ತಿದ್ದವು.

ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಕೋಲಾರದವಳು. ಮನೆಗೆ ಬಂದು ಒಂದು ವರ್ಷವಾಗುತ್ತಾ ಬಂದಿದ್ದರೂ ನಮ್ಮಿಬ್ಬರ ಮಾತು ಅಡುಗೆಮನೆ ದಾಟಿರಲಿಲ್ಲ. "ಅಕ್ಕ, ಸಾರಿಗೆ ಉಪ್ಪು ಹಾಕಿದೀನಿ," "ಹಾಲು ಉಕ್ಕುತ್ತೆ ನೋಡಮ್ಮ," ಇಷ್ಟೇ. ಜಗಳವೇನಿರಲಿಲ್ಲ. ಕೆಲಸ ಮುಗಿಸಿ ಅವಳು ಮೆಟ್ಟಿಲು ಹತ್ತುತ್ತಿದ್ದಳು, ನಾನು ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ.

ನಮ್ಮ ಅತ್ತೆಯ ತವರು ಗೌನಿಪಲ್ಲಿ. ಅವರಿಗೆ ತೆಲುಗು ಜೋಗುಳಗಳು ಬಹಳ ಬರುತ್ತಿದ್ದವು. ಹಿಂದಿನ ಚಳಿಗಾಲದಲ್ಲಿ ನಾನು ಒಂದು ಮೈಕು ಸಿಕ್ಕಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಧ್ಯಾಹ್ನಗಳಲ್ಲಿ ಅವನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದೆ. ಫೈಲನ್ನು ಚಿಕ್ಕದು ಮಾಡುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಒಂದೊಂದು ಹಾಡೂ ಭಾರಿ ಗಾತ್ರದ್ದಾಗಿ ಕೂತಿತ್ತು.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದಲ್ಲಿದ್ದ ನನ್ನ ನಾದಿನಿಗೆ ಎರಡನೆಯ ಮಗು ಹುಟ್ಟಿತು. ತೊಟ್ಟಿಲು ಹಾಕುವ ದಿನ ಅಮ್ಮನೇ ಹಾಡಬೇಕೆಂದು ಅವಳ ಆಸೆ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ಎದ್ದಾಗ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಶುಂಠಿ ಕಷಾಯ, ಅರಿಶಿನದ ಹಾಲು, ಯಾವುದಕ್ಕೂ ಅದು ಬಿಡಲಿಲ್ಲ. ಮಂಚದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಅತ್ತೆ, ನಿಮ್ಮ ಹಾಡೆಲ್ಲ ನನ್ನ ಹತ್ರ ಇದೆಯಲ್ಲ, ಸಿಡಿ ಮಾಡ್ಕೊಂಡು ಹೋಗೋಣ ಬಿಡಿ," ಎಂದೆ.

ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ಊಟವಾದ ಮೇಲೆ ಹಾಡುಗಳ ಫೋಲ್ಡರನ್ನು ಮೇಲಕ್ಕೆ ಕಳಿಸಲು ಕೂತೆ. ಮೂರು ಗಂಟೆ ಬಾಕಿ ಎಂದು ತೋರಿಸಿತು. ಒಂದು ಕಾಫಿ ಕುಡಿದು ಬಂದು ನೋಡಿದರೆ ಐದು ಗಂಟೆ ಬಾಕಿ! ಆಮೇಲೆ ಅರ್ಧಕ್ಕೇ ನಿಂತುಹೋಯಿತು. ಫ್ಲಾಪಿಯಲ್ಲಿ ಒಂದು ಹಾಡೂ ಹಿಡಿಯುತ್ತಿರಲಿಲ್ಲ. ಪೆನ್ ಡ್ರೈವ್ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ.

ಅತ್ತೆ ಪಿಸುದನಿಯಲ್ಲಿ, "ಏಮ್ಮಾ, ಅಯ್ಯಿಂದಾ?" ಎಂದರು. ಆಯಿತೇ ಎಂದು ಕೇಳಿದ್ದು ಅದು ನಾಲ್ಕನೆಯ ಸಲವೋ ಐದನೆಯದೋ.

ನಾನು ಮೆಟ್ಟಿಲ ಬುಡದಲ್ಲಿ ನಿಂತು ಓರಗಿತ್ತಿಯನ್ನು ಕೂಗಿದೆ. "ಸ್ವಲ್ಪ ಆ ಕಂಪ್ಯೂಟರ್ ನೋಡ್ತೀಯಾಮ್ಮ? ಹಾಡು ಹೋಗ್ತಾನೇ ಇಲ್ಲ."

ಅವಳು ಕೆಳಗೆ ಇಳಿದು ಬಂದಳು. ಪರದೆಯನ್ನು ಒಂದು ಕ್ಷಣ ನೋಡಿ, "ಅಕ್ಕ, ನಾನು ಕೋಲಾರದಲ್ಲಿ ಹಾರ್ಡ್‌ವೇರ್ ಕೋರ್ಸ್ ಮಾಡಿದೀನಿ," ಎಂದಳು, ತಪ್ಪು ಮಾಡಿದವಳಂತೆ.

"ಹೇಳೇ ಇಲ್ವಲ್ಲೇ!"

"ಯಾರೂ ಕೇಳಲಿಲ್ಲ."

ನನಗೆ ನಗು ಬಂತು, ಅವಳಿಗೂ ಬಂತು. ಆಮೇಲೆ ಅವಳು ಮೇಲೆ, ನಾನು ಕೆಳಗೆ. ಕಿಟಕಿಯಿಂದ ಕಿಟಕಿಗೆ ಕೂಗಾಟ. ಎರಡೂ ಕಡೆ ಆಂಟಿವೈರಸ್ ನಿಲ್ಲಿಸಿದೆವು, ಪ್ರಯೋಜನವಾಗಲಿಲ್ಲ. ಎರಡನ್ನೂ ಆರಿಸಿ ಹಚ್ಚಿದೆವು. ವೈರು ಸಂಪಿನ ಮೋಟರಿನ ಕರೆಂಟು ವೈರಿನ ಪಕ್ಕದಲ್ಲೇ ಬಂದಿದೆಯಲ್ಲ ಎಂದು ನನಗೆ ಅನುಮಾನ ಬಂದು, ಮೋಟರ್ ಆರಿಸಿ ನೋಡಿದೆವು. ಟ್ಯಾಂಕಿಗೆ ನೀರು ಬರುವುದು ನಿಂತಿತೇ ಹೊರತು ಹಾಡು ಓಡಲಿಲ್ಲ. ಮೇಲಿನ ಕೋಣೆಯಲ್ಲಿ ವೈರುಗಳು ಸೇರುವ ಪುಟ್ಟ ಡಬ್ಬಿಯೊಂದಿತ್ತು. ಅದರ ದೀಪ ನನ್ನ ಕಡೆಯ ತೂತಿನಲ್ಲಿ ಆಗಾಗ ಆರಿ ಹತ್ತುತ್ತಿದೆ ಎಂದು ಅವಳು ಕೂಗಿ ಹೇಳಿದಳು.

"ಅಕ್ಕ, ಒಂದ್ ಕೆಲಸ ಮಾಡೋಣ. ನಿಮ್ ಸಿಪಿಯುನ ಮೇಲಕ್ಕೆ ತರೋಣ. ನನ್ ಹತ್ರ ಒಂದು ರೆಡಿಮೇಡ್ ವೈರಿದೆ, ಮೊಳದುದ್ದದ್ದು. ಅದರಲ್ಲಿ ಸರಿಯಾಗಿ ಹೋದ್ರೆ ಎರಡು ಕಂಪ್ಯೂಟರೂ ಸರಿಯಾಗಿವೆ, ತಪ್ಪೆಲ್ಲ ಆ ಉದ್ದನೇ ವೈರಿಂದು."

ಸೀರೆಯ ಸೆರಗು ಸಿಕ್ಕಿಸಿಕೊಂಡು ಇಬ್ಬರೂ ಆ ಭಾರದ ಪೆಟ್ಟಿಗೆಯನ್ನು ಹಿಡಿದು ಮೆಟ್ಟಿಲು ಹತ್ತಿದೆವು. ಅತ್ತೆ ಹಿಂದಿನಿಂದ, "ಮೆಲ್ಲಗಮ್ಮಾ, ನನ್ ಹಾಡು ಬಿದ್ದೋದಾವು," ಎಂದು ಒಡೆದ ದನಿಯಲ್ಲಿ ಹೇಳಿ, ತಾವೇ ಕೆಮ್ಮುತ್ತಾ ನಕ್ಕರು. ಮೇಲೆ ಕೂರಿಸಿ, ಚಿಕ್ಕ ವೈರು ಸಿಕ್ಕಿಸಿ ಮತ್ತೆ ಕಳಿಸಿದೆವು. ಹಾಡುಗಳು ನೋಡನೋಡುತ್ತಲೇ ಸಾಗಿಹೋದವು. ಓರಗಿತ್ತಿ ಚಪ್ಪಾಳೆ ತಟ್ಟಿದಳು. ಗಂಡಸರು ಮನೆಗೆ ಬರುವ ಹೊತ್ತಿಗೆ ಸಿಡಿ ತಯಾರಾಗಿತ್ತು.

ಮರುದಿನ ಶ್ರೀನಿವಾಸಪುರ ಹತ್ತಿರವಾದಂತೆ ಮಾವಿನ ಕಾಯಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತು. ಆದರೂ ಹೊತ್ತಿಗೆ ಸರಿಯಾಗಿ ತಲುಪಿದೆವು. ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ ಸಿಡಿ ಹಾಕಿದಾಗ, ಅತ್ತೆಯ ಹಾಡಿನ ಹಿಂದೆ ನಮ್ಮ ಕುಕ್ಕರಿನ ಸೀಟಿಯೂ ಕೇಳಿಸಿ ಬಂದವರೆಲ್ಲ ನಕ್ಕರು. ನಾದಿನಿ ಮಾತ್ರ ನಗಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು. ಅತ್ತೆ ದನಿಯಿಲ್ಲದೆ ತುಟಿಯಷ್ಟೇ ಅಲ್ಲಾಡಿಸುತ್ತಾ ತೊಟ್ಟಿಲು ತೂಗಿದರು.

ಊರಿಗೆ ಬಂದ ಮೇಲೆ ಉದ್ದನೆಯ ವೈರಿನ ವಿಚಾರಣೆ ನಡೆಯಿತು. ಓರಗಿತ್ತಿ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಎಂಟು ಬಣ್ಣದ ಎಳೆಗಳು, ಎರಡೆರಡು ಹೆಣೆದುಕೊಂಡ ನಾಲ್ಕು ಜೋಡಿ. ಮೈದುನ ಅವನ್ನು ಜೋಡಿಯ ಪಕ್ಕ ಜೋಡಿ ಇಟ್ಟು ಸಾಲಾಗಿ ಜೋಡಿಸಿಬಿಟ್ಟಿದ್ದ.

"ಎರಡು ಕಡೇನೂ ಒಂದೇ ಥರ ಇದ್ರೆ ಸಾಕು ಅಂದ್ರಲ್ಲ ಅಂಗಡೀಲಿ?" ಎಂದ.

"ಚಿಕ್ಕ ವೈರಾದ್ರೆ ಹೇಗೋ ನಡಿಯುತ್ತೆ ಕಣ್ರೀ. ಇಷ್ಟುದ್ದ ಇದ್ರೆ ಹೋಗೋದು ಒಂದು ಜೋಡಿ, ಬರೋದು ಇನ್ನೊಂದು ಜೋಡಿ ಅಂತ ಸರಿಯಾಗಿ ಇರ್ಬೇಕು. ಬರೋ ಜೋಡಿ ಕೂರಬೇಕಾದ್ದು ಮೂರನೇ, ಆರನೇ ಜಾಗದಲ್ಲಿ. ನೀವು ಸಾಲಾಗಿ ಇಟ್ಟು ಆ ಜೋಡೀನ ಬೇರೆ ಮಾಡಿ ಅಕ್ಕಪಕ್ಕದವರ ಜೊತೆ ಕಳಿಸಿದೀರ."

ಅವನು, "ಸರಿ, ನೀನೇ ಮಾಡು," ಎಂದು ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಿಂದ ತುದಿ ಒತ್ತುವ ಇಕ್ಕಳ ತಂದುಕೊಟ್ಟ. ಅವಳು ಎರಡೂ ತುದಿ ಕತ್ತರಿಸಿ, ಒಂದರ ಎಳೆಗಳನ್ನು ಹೊಸದಾಗಿ ಜೋಡಿಸಿ ಒತ್ತಿದಳು. ಇನ್ನೊಂದನ್ನು ನನ್ನ ಕೈಯಲ್ಲಿ ಮಾಡಿಸಿದಳು. ನನ್ನದು ಮೊದಲ ಸಲ ಕೆಟ್ಟಿತು, ಎರಡನೆಯ ಸಲ ಸರಿಹೋಯಿತು. ಮೇಲಿನ ಡಬ್ಬಿಯ ದೀಪ ಆರದೆ ನಿಂತಿತು.

ಆ ಮಳೆಗಾಲದಿಂದ ಅವಳು ನನ್ನ ಕೆಲಸಕ್ಕೂ ಸೇರಿಕೊಂಡಳು. ಅಕ್ಷರ ನನ್ನದು, ಅಂಚಿನ ಬಳ್ಳಿ ಹೂವು ಅವಳದು. ಪತ್ರಿಕೆಯೊಂದು ದಿನಕ್ಕೆ ಹತ್ತು ಸಲ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಗಂಟಲು ಸರಿಹೋದ ಅತ್ತೆ, "ಒಂದೇ ಮನೇಲಿದ್ಕೊಂಡು ವೈರಲ್ಲಿ ಕಳಿಸ್ಕೋತಾರಪ್ಪ ಇವ್ರು," ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೂ ಅವಳು ಕಾಫಿ ಲೋಟ ಹಿಡಿದು ನನ್ನ ಕೋಣೆಯಲ್ಲೇ ಕೂತಿರುತ್ತಿದ್ದಳು. ಮಾತಾಡುತ್ತಾ ನಾವಿಬ್ಬರೂ ಒಲೆಯ ಮೇಲೆ ಇಟ್ಟ ಹಾಲನ್ನು ಎಷ್ಟೋ ಸಲ ಉಕ್ಕಿಸಿದ್ದೇವೆ.