ವಾರಕ್ಕೊಂದು ಗಿಡ

ಮಂಡಿಗೆ ಹಚ್ಚುವ ಮುಲಾಮಿನ ದೆಸೆಯಿಂದ ನನ್ನನ್ನು ಹುಳದ ಮನೆಯಿಂದ ಆಚೆ ಹಾಕಿದರು. ಹಾಕಿದ್ದು ಸರಿಯೇ. ರೇಷ್ಮೆ ಹುಳಕ್ಕೆ ಘಾಟು ಆಗುವುದಿಲ್ಲ. ಬೀಡಿ, ಸೆಂಟು, ಒಗ್ಗರಣೆ, ಯಾವುದೂ ಆಗುವುದಿಲ್ಲ. ನಾನೇ ಎಷ್ಟೋ ಜನರನ್ನು ಬಾಗಿಲಲ್ಲಿ ತಡೆದು ವಾಪಸ್ಸು ಕಳಿಸಿದವಳು. ಮುಲಾಮು ಬಿಟ್ಟರೆ ನಾನು ಏಳಲಾರೆ, ಹಚ್ಚಿದರೆ ಹುಳ ಮೇವು ಬಿಡುತ್ತದೆ. ನಲವತ್ತು ವರ್ಷ ಹುಳ ಸಾಕಿದ ಮೇಲೆ ಒಂದು ದಿನ ಸೊಸೆ ಶೆಡ್ಡಿನ ಪರದೆಯ ಹಿಂದಿನಿಂದಲೇ ಹೇಳಿದಳು.

"ಅತ್ತೆ, ಘಾಟು ಇಲ್ಲೀಗಂಟ ಬತ್ತೈತೆ. ಬೇಜಾರ್ ಮಾಡ್ಕಬ್ಯಾಡಿ, ಒಸಿ ಅತ್ಲಾಗೆ ಕೂತ್ಕಳಿ."

ಅತ್ಲಾಗೆ ಹೋಗಿ ಕೂತೆ.

ನಮ್ಮೂರು ಕನಕಪುರದ ಕಡೆಯದು. ಹಿತ್ತಲಲ್ಲಿ ನಿಂತರೆ ಕಬ್ಬಾಳಿನ ಬೆಟ್ಟ ಕಾಣುತ್ತದೆ. ಮನೆಯಲ್ಲಿ ಜನವಿಲ್ಲ ಎಂದಲ್ಲ. ಮಗ, ಸೊಸೆ ಇಬ್ಬರೂ ಇದ್ದಾರೆ. ಮೊಮ್ಮಕ್ಕಳು ರಾಮನಗರದ ಹಾಸ್ಟೆಲಿನಲ್ಲಿದ್ದಾರೆ. ಆದರೆ ಹುಳ ಬಂದ ಮೇಲೆ ಇಪ್ಪತ್ತೈದು ದಿನ ಮಗ ಸೊಸೆ ಶೆಡ್ಡಿನವರೇ. ಸೊಪ್ಪು ಕೊಯ್ಯಬೇಕು, ಹಾಕಬೇಕು, ಸುಣ್ಣ ಉದುರಿಸಬೇಕು. ಒಬ್ಬೊಬ್ಬರಾಗಿ ಬಂದು ನಿಂತೇ ಉಂಡು ಓಡುತ್ತಾರೆ. ಯಾರ ಕಾಲಿನಲ್ಲಿ ಯಾವ ರೋಗ ಬರುತ್ತದೋ ಎಂದು ಹುಳ ಇರುವ ಮನೆಗೆ ಹುಳ ಸಾಕುವ ಬೇರೆ ಮನೆಯವರು ಬರುವುದಿಲ್ಲ, ಅವರ ಮನೆಗೆ ನಾವೂ ಹೋಗುವುದಿಲ್ಲ. ಒಂದು ಬೆಳೆ ಮುಗಿದು ಶೆಡ್ಡು ತೊಳೆದು ಒಣಗುವಷ್ಟರಲ್ಲಿ ಇನ್ನೊಂದು ಬೆಳೆಗೆ ಹುಳ ಬಂದಿರುತ್ತದೆ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ನನ್ನ ಜೊತೆ ಮಾತಾಡಲು ಯಾರೂ ಇರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಬೇಲಿ ನೋಡುತ್ತಿದ್ದೆ. ಬೇಲಿಯಲ್ಲಿ ಚಿಟ್ಟೆಗಳಿದ್ದವು.

ಚಿಟ್ಟೆ ಚೆಂದ ಎಂದು ನೋಡಿದವಳಲ್ಲ ನಾನು. ಹುಳ ಸಾಕಿದವಳ ಕಣ್ಣು ಮೊದಲು ಎಲೆಗೆ ಹೋಗುತ್ತದೆ. ಎಲೆಯನ್ನು ಅಂಚಿನಿಂದ ತಿಂದಿದೆಯೋ ನಡುವೆ ತೂತು ಮಾಡಿದೆಯೋ, ಕೆಳಗೆ ಬಿದ್ದ ಹಿಕ್ಕೆ ಹಸಿಯೋ ಒಣಗಿದ್ದೋ, ಅಷ್ಟು ನೋಡಿದರೆ ಹುಳ ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಕ್ಕದ ಗಿಡದ ಸುತ್ತ ಸುತ್ತುವುದು ಇಟ್ಟಿಗೆ ಪುಡಿ ಬಣ್ಣದ್ದು. ಅದರ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಬಿಳಿ ಮಚ್ಚೆ. ಹರಳಿನ ಎಲೆಗೆ ಬರುವುದರ ಮೈ ತುಂಬ ಯಾರೋ ಇದ್ದಿಲಲ್ಲಿ ಅಲೆ ಅಲೆಯಾಗಿ ಗೀಚಿದ ಹಾಗೆ ಗೆರೆ. ಎಲಚಿ ಪೊದೆಯಲ್ಲಿ ಉಗುರಿನಷ್ಟು ಸಣ್ಣದು, ಬಿಳಿಯ ಮೇಲೆ ಕರಿ ಚುಕ್ಕೆ. ಮಾವಿನ ಮರದ ಮೇಲೆ ಬೆಳೆದ ಬಂದಳಿಕೆಗೆ ಬರುವುದು ಎಲ್ಲಕ್ಕಿಂತ ಡೌಲಿನದು. ಹಳದಿ ಸೀರೆಗೆ ಕೆಂಪು ಅಂಚು ಹಚ್ಚಿದಂತಿರುತ್ತದೆ. ಹೆಸರುಗಳು ನನಗೆ ಗೊತ್ತಿರಲಿಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಎಕ್ಕದ್ದು, ಹರಳಿನದು, ಎಲಚಿಯದು ಎನ್ನುತ್ತಿದ್ದೆ. ಅಂದರೂ ಕೇಳುವವರು ಯಾರು.

ಒಂದು ಭಾನುವಾರ ಬೇಲಿಯ ಆಚೆ ಕರಿಬೇವಿನ ಗಿಡ ಅಲ್ಲಾಡಿತು. ಒಂದು ಹುಡುಗಿ ಕ್ಯಾಮೆರಾ ಹಿಡಿದು ಬಗ್ಗಿದ್ದಳು.

"ಯಾರವ್ವಾ ಅದು? ಕರಿಬೇವು ಬೇಕಾದ್ರೆ ಕೇಳಿ ಕಿತ್ಕೋ. ಬೇಲಿ ಸಂದೀಲಿ ಯಾಕ್ ನುಗ್ತೀಯ?"

"ಕರಿಬೇವಿಗಲ್ಲ ಅಜ್ಜಿ. ಚಿಟ್ಟೆಗೆ."

"ಸಾರಿಗೆ ಹಾಕ್ತೀಯಾ?"

ನಕ್ಕಳು. ಚನ್ನಪಟ್ಟಣದ ಹುಡುಗಿ, ರಾಮನಗರದಲ್ಲಿ ದೊಡ್ಡ ಓದು ಓದುತ್ತಿದ್ದಳು. ಯಾವ ಚಿಟ್ಟೆ ಯಾವ ಗಿಡದ್ದು ಎಂದು ಹುಡುಕಿ, ಮೊಟ್ಟೆಯಿಂದ ರೆಕ್ಕೆ ಬಿಚ್ಚುವವರೆಗೆ ಫೋಟೋ ಹಿಡಿದು, ಒಂದೊಂದು ಚಿಟ್ಟೆಗೆ ಒಂದೊಂದು ಹಾಳೆ ತುಂಬಿಸಿ ಕಾಲೇಜಿಗೆ ಕೊಡಬೇಕಂತೆ. ರೆಕ್ಕೆಯ ಗುರುತು ಅವಳಿಗೆ ಬಾಯಿಪಾಠ. ಹುಳ ಮಾತ್ರ ಒಂದೂ ಸಿಕ್ಕಿರಲಿಲ್ಲ.

"ಕಣ್ಮುಂದೇನೇ ಐತಲ್ಲ ಮಗಾ. ಅಗೋ, ಹಕ್ಕಿ ಹಿಕ್ಕೆ ಥರ ಎಲೆಗೆ ಅಂಟ್ಕಂಡೈತಲ್ಲ, ಅದೇಯ. ದೊಡ್ಡದಾದ್ ಮ್ಯಾಕೆ ಹಸರಾಯ್ತದೆ. ಮುಟ್ಟಿದ್ರೆ ಕೊಂಬು ಬುಟ್ಟು ನಾರ್ತದೆ."

ಅವಳು ಎಲೆ ನೋಡಿದಳು, ನನ್ನನ್ನು ನೋಡಿದಳು, ಚೀಲ ಇಳಿಸಿ ಮಣ್ಣಲ್ಲೇ ಕೂತಳು. ಆ ದಿನ ಎರಡು ಲೋಟ ಕಾಫಿ ಕುಡಿದು ಸಂಜೆ ಬಸ್ಸಿಗೆ ಹೋದಳು. ಹೋಗುವಾಗ, "ಬೇರೆ ಗಿಡಗಳೂ ಗೊತ್ತಾ ಅಜ್ಜಿ?" ಅಂದಳು.

"ಒಂದೋ ಎರಡೋ. ಮುಂದಿನ್ವಾರ ಬಾ, ಗ್ಯಾಪ್ಕ ಮಾಡ್ಕತೀನಿ."

ಗ್ಯಾಪಕ ಮಾಡಿಕೊಳ್ಳುವುದು ಏನೂ ಇರಲಿಲ್ಲ. ಎಲ್ಲ ಗಿಡಗಳೂ ನಮ್ಮ ಹಿತ್ತಲಿಂದ ಕೆರೆ ಏರಿಯವರೆಗೆ ಇದ್ದವು. ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ತೋರಿಸಬಹುದಿತ್ತು. ತೋರಿಸಿದರೆ ಅವಳು ಎರಡನೇ ಸಲ ಯಾಕೆ ಬರುತ್ತಾಳೆ? ವಾರಕ್ಕೊಂದೇ ಗಿಡದ ಗುಟ್ಟು ಬಿಟ್ಟೆ. ಒಂದು ವಾರ ಎಕ್ಕ, ಒಂದು ವಾರ ಹರಳು, ಆಮೇಲೆ ತಂಗಡಿ, ಆಮೇಲೆ ಎಲಚಿ. ಹುಳಕ್ಕೆ ಸೊಪ್ಪು ಹಾಕುವ ಲೆಕ್ಕ, ಒಂದೇ ಸಲ ಸುರಿಯಬಾರದು. ಅವಳು ಬರುವ ದಿನ ನಾನು ಬೆಳಿಗ್ಗೆಯೇ ತಲೆ ಬಾಚಿ ಕೂರುತ್ತಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹೀಗೆ.

ಕೊನೆಗೆ ಅವಳ ಬಳಿ ಒಂದೇ ಹಾಳೆ ಖಾಲಿ ಉಳಿಯಿತು. ಕರಿಬೇವಿನ ಚಿಟ್ಟೆಯ ಹೆಣ್ಣಿನಂತೆಯೇ ಇರುವ ಇನ್ನೊಂದು ಚಿಟ್ಟೆ ಇದೆ. ಎರಡಕ್ಕೂ ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆ. ಕರಿಬೇವಿನದರ ಮೈ ಕಪ್ಪು, ಇನ್ನೊಂದರ ಮೈ ರಕ್ತಗೆಂಪು. ಕೆಂಪು ಮೈಯದನ್ನು ಹಕ್ಕಿ ತಿನ್ನುವುದಿಲ್ಲ, ಅದಕ್ಕೇ ಕಪ್ಪು ಮೈಯದು ಅದರ ವೇಷ ಹಾಕಿಕೊಂಡು ಬದುಕುತ್ತದೆ ಎಂದು ಹುಡುಗಿ ಹೇಳಿದಳು.

"ಸೀರೆ ನೋಡಿ ಹೆಂಗ್ಸು ಯಾರ್ ಮನೆಯೋಳು ಅಂತ ಹೇಳಕ್ಕಾಯ್ತದಾ? ಮೊಟ್ಟೆ ಎಲ್ಲಿಡ್ತದೆ ಅದ್ನ ನೋಡು," ಅಂದೆ.

"ಈಶ್ವರಿ ಬಳ್ಳೀಲಿ ಮಾತ್ರ ಇಡ್ತದಂತೆ. ಆ ಬಳ್ಳಿ ನಿಮ್ಮೂರಲ್ಲಿ ಇದ್ಯಾ?"

"ನೋಡ್ಬೇಕು."

ಬಳ್ಳಿ ಹಳೇ ಹುಳದ ಮನೆಯ ಹಿಂದೆ ಇತ್ತು, ನಾವು ಕೂತಲ್ಲಿಂದ ನಲವತ್ತು ಹೆಜ್ಜೆ. ಹಾವು ಸುಳಿಯಬಾರದೆಂದು ನನ್ನ ಅತ್ತೆ ನೆಟ್ಟದ್ದು. ಎರಡು ವಾರ ಬಾಯಿ ಬಿಡಲಿಲ್ಲ. ಮೂರನೇ ವಾರ ಅವಳು, "ಇಲ್ಲಿ ಇಲ್ಲ ಅನ್ಸುತ್ತೆ ಅಜ್ಜಿ. ಇನ್ಮೇಲೆ ಮಾಗಡಿ ಕಡೆ ಹೋಗಿ ಹುಡುಕ್ತೀನಿ," ಅಂದಳು. ಎದ್ದು ಕರೆದುಕೊಂಡು ಹೋಗಿ ತೋರಿಸಿದೆ. ಬಳ್ಳಿಯಲ್ಲಿ ಐದು ಹುಳ ಇದ್ದವು. ಕಪ್ಪು ನೇರಳೆ ಬಣ್ಣ, ಮೈ ತುಂಬ ಕೆಂಪು ಮುಳ್ಳಿನಂಥ ಮೆತ್ತನೆ ಗುಬುಟು.

ಅವಳಿಗೆ ಪರೀಕ್ಷೆ ಇತ್ತು, ಮೂರು ವಾರ ಬರುವಂತಿರಲಿಲ್ಲ.

"ಅಜ್ಜಿ, ನೀವು ಸಾಕಿ ಕೊಡ್ತೀರಾ? ಚಿಟ್ಟೆ ಈಚೆ ಬಂದು ರೆಕ್ಕೆ ಬಿಚ್ಚಿದ ಫೋಟೋ ಒಂದಿದ್ರೆ ಸಾಕು. ಪರೀಕ್ಷೆ ಮುಗಿದ ಭಾನುವಾರ ಬತ್ತೀನಿ, ಬುಧವಾರ ಹಾಳೆ ಕೊಡ್ಬೇಕು. ಇಲ್ಲಾಂದ್ರೆ ಇನ್ನಾರು ತಿಂಗಳು ಕಾಯ್ಬೇಕಾಗ್ತದೆ."

"ನಂಗೆ ಹುಳ ಸಾಕಕ್ಕೆ ಹೇಳ್ಕೊಡ್ತೀಯಾ? ಹೋಗಿ ಓದ್ಕೋ," ಅಂದೆ.

ಮುಲಾಮಿನ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆ. ದಿನಕ್ಕೆ ಮೂರು ಸಲ ಎಳೇ ಎಲೆ ಹಾಕಿದೆ. ಇರುವೆ ಹತ್ತದಂತೆ ತಟ್ಟೆಯ ಸುತ್ತ ನೀರು ಕಟ್ಟಿದೆ. ಐದೂ ಮೇವು ಬಿಟ್ಟು ಹಣ್ಣಾದವು, ಕಡ್ಡಿ ಹಿಡಿದವು, ಸೊಂಟಕ್ಕೆ ಒಂದೆಳೆ ದಾರ ಕಟ್ಟಿಕೊಂಡು ಚಿಪ್ಪಿನಂಥ ಕಂದು ಕೋಶದೊಳಗೆ ಸೇರಿದವು. ಇಲ್ಲಿಯವರೆಗೆ ಒಂದು ತಪ್ಪೂ ಇಲ್ಲ.

ನಾವು ರೇಷ್ಮೆ ಗೂಡನ್ನು ಐದನೇ ದಿನಕ್ಕೆ ಚಂದ್ರಿಕೆಯ ಬಿದಿರು ತಟ್ಟೆಯಿಂದ ಬಿಡಿಸುತ್ತೇವೆ. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಗಟ್ಟಿಯಾಯಿತೇ ಎಂದು ಸದ್ದು ಕೇಳುತ್ತೇವೆ. ಆಮೇಲೆ ರಾಮನಗರದ ಮಾರುಕಟ್ಟೆಗೆ. ಅಲ್ಲಿಂದ ಬಿಸಿನೀರಿಗೆ. ನಲವತ್ತು ವರ್ಷದಲ್ಲಿ ಎಷ್ಟು ಹುಳ ಸಾಕಿದೆನೋ, ಒಂದಕ್ಕೂ ರೆಕ್ಕೆ ಬರಲು ಬಿಟ್ಟಿಲ್ಲ. ತೂತು ಬಿದ್ದ ಗೂಡನ್ನು ಯಾರು ಕೇಳುತ್ತಾರೆ? ಐದನೇ ದಿನ ನನ್ನ ಕೈ ನನ್ನನ್ನು ಕೇಳಲಿಲ್ಲ. ಐದೂ ಕೋಶವನ್ನು ಕಡ್ಡಿಯಿಂದ ಬಿಡಿಸಿ, ಕಿವಿಗೆ ಹಿಡಿದು ಅಲ್ಲಾಡಿಸಿ, ಹಲ್ಲಿಗೆ ಸಿಗದಿರಲೆಂದು ಆಳದ ಸ್ಟೀಲ್ ಡಬರಿಯ ತಳದಲ್ಲಿ ಮಲಗಿಸಿ ಬಾಯಿಗೆ ಬಟ್ಟೆ ಕಟ್ಟಿದೆ. ಕೆಲಸ ಅಚ್ಚುಕಟ್ಟಾಯಿತು ಅಂದುಕೊಂಡೆ.

ಹುಡುಗಿ ಬರಬೇಕಾದ ಭಾನುವಾರದ ಹಿಂದಿನ ದಿನ ಬಟ್ಟೆ ಬಿಚ್ಚಿದರೆ ಮೂರು ಈಚೆ ಬಂದಿದ್ದವು. ಮೈ ರಕ್ತಗೆಂಪು. ರೆಕ್ಕೆಗಳು ಹಿಂಡಿ ಎಸೆದ ಬಟ್ಟೆಯ ಹಾಗೆ ಮುದುರಿ ಒಣಗಿದ್ದವು. ಹತ್ತಲು ನೋಡಿ ಜಾರಿ ಜಾರಿ ಬಿದ್ದಿರಬೇಕು, ಡಬರಿಯ ಒಳಗೆಲ್ಲ ಕೆಂಪು ನೀರಿನ ಕಲೆ. ಅವು ಮೇಲೆ ಹತ್ತಿ ಜೋತು ಬೀಳಬೇಕು, ಆಗಲೇ ರೆಕ್ಕೆ ಇಳಿದು ನೆಟ್ಟಗಾಗುವುದು. ಹಾಗೆಂದು ಅವನ್ನು ನೋಡಿದ ಮೇಲೆ ತಿಳಿಯಿತು. ಇನ್ನೆರಡು ಕೋಶ ಹಾಗೇ ಬಿದ್ದಿದ್ದವು.

ಊಟಕ್ಕೆ ಬಂದ ಸೊಸೆ ಡಬರಿಯೊಳಗೆ ಬಗ್ಗಿ ನೋಡಿದಳು.

"ಬುಡಿಸ್ಬುಟ್ರಾ ಅತ್ತೆ? ಮಾರ್ಕೆಟ್ಗೆ ಹಾಕಕ್ಕೆ?"

"ಬಾಯ್ಮುಚ್ಚು."

ಅವಳು ಕೈ ತೊಳೆಯುತ್ತಾ ಮೆಲ್ಲಗೆ ಅಂದಳು, "ಊಜಿ ನೊಣ ಹೊಡೀತು ಅಂದ್ಬುಡಿ. ಹುಳದಲ್ಲಿ ಅದೇನ್ ಹೊಸದಾ? ಆ ಹುಡ್ಗಿ ಮತ್ತೆ ಮೊದ್ಲಿಂದ ಶುರು ಮಾಡ್ತಾಳೆ, ಇನ್ನಾರು ತಿಂಗ್ಳು ಬತ್ತಾಳೆ. ನಿಮ್ಗೂ ಅದೇ ತಾನೇ ಬೇಕಾಗಿರದು?"

ಶೆಡ್ಡಿನ ಒಳಗಿದ್ದವಳಿಗೆ ಇದೆಲ್ಲ ಹೇಗೆ ಕಂಡಿತೋ. ಕುಹಕಕ್ಕೆ ಅಂದದ್ದಲ್ಲ, ಪಾಪ ಎಂದು ಅಂದದ್ದು. ಅದೇ ಹೆಚ್ಚು ಚುಚ್ಚಿತು.

ಆ ಮಾತನ್ನು ನಾನು ಬಾಯಲ್ಲಿಟ್ಟುಕೊಂಡು ನೋಡಿದೆ. ಇಪ್ಪತ್ತೈದು ಭಾನುವಾರ. ಮೂರು ಮುದುರಿದವನ್ನು ಕೋಳಿಗೆ ಎಸೆದರೆ ಸಾಕ್ಷಿ ಇಲ್ಲ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣದ ಮೇಲೆ ತಪ್ಪು ಹೊರಿಸಿದರೆ ಅದು ಬಂದು ಜಗಳವಾಡುವುದಿಲ್ಲ. ಆದರೆ ಗಿಡ ಬಚ್ಚಿಟ್ಟಾಗ ಅವಳ ಒಂದೆರಡು ಭಾನುವಾರ ಹೋಗಿತ್ತು, ಅಷ್ಟೇ. ಇದರಲ್ಲಿ ಅರ್ಧ ವರ್ಷ ಹೋಗುತ್ತದೆ.

ಭಾನುವಾರ ಬಂದಳು. ಚೀಲ ಇಳಿಸುವುದಕ್ಕೆ ಮುಂಚೆಯೇ ಡಬರಿ ಮುಂದಿಟ್ಟೆ.

"ನಾನೇ ಹಾಳ್ ಮಾಡ್ದೆ. ಗೂಡು ಬುಡಿಸ್ದಂಗೆ ಬುಡಿಸ್ಬುಟ್ಟೆ. ಬೈಯೋದಾದ್ರೆ ಬೈದ್ಬುಡು, ಅಳ್ಬ್ಯಾಡ. ಅಳೋರ್ ಕಂಡ್ರೆ ನಂಗಾಗಕಿಲ್ಲ."

ಅವಳು ಬೈಯಲಿಲ್ಲ. ಕಣ್ಣು ಒರೆಸಿಕೊಂಡಳು, ನಾನು ಬೇರೆ ಕಡೆ ನೋಡಿದೆ. ಆಮೇಲೆ ಉಳಿದ ಕೋಶಗಳಲ್ಲಿ ಒಂದನ್ನು ಬೆಳಕಿಗೆ ಹಿಡಿದು, "ಅಜ್ಜಿ, ಇದು ಕಪ್ಪಾಗಿದೆ. ಒಳಗೆ ಕೆಂಪು ಕಾಣ್ತಿದೆ ನೋಡಿ," ಅಂದಳು. "ನಾಳೆ ಬೆಳಿಗ್ಗೆ ಬರಬಹುದು. ಆದ್ರೆ ಇದನ್ನ ನೇತು ಹಾಕೋದು ಹೇಗೆ?"

ಅದು ನನಗೆ ಬರುವ ಕೆಲಸ. ತುಂಬೆ ಹೂವಿನಷ್ಟು ನಯವಾದ ಕೈ ಬೇಕು ಅದಕ್ಕೆ, ನನ್ನದು ಹಾಗಿಲ್ಲ, ಆದರೂ ಅಭ್ಯಾಸ ಇತ್ತು. ದಾಸವಾಳದ ಕಡ್ಡಿಗೆ ಕೋಶದ ಬಾಲವನ್ನು ರೇಷ್ಮೆ ಎಳೆಯಿಂದ ಸುತ್ತಿ, ಸೊಂಟಕ್ಕೆ ಇನ್ನೊಂದು ಎಳೆ ಸಡಿಲವಾಗಿ ಕಟ್ಟಿದೆ. ಇನ್ನೊಂದು ಕೋಶ ಹಗುರಾಗಿತ್ತು. ಅದು ಸತ್ತಿತ್ತು. ಹುಡುಗಿ ಅವಳ ಅಮ್ಮನಿಗೆ ಫೋನ್ ಮಾಡಿ ಇಲ್ಲೇ ಉಳಿಯುತ್ತೇನೆ ಅಂದಳು. ಸಂಜೆ ಮುದ್ದೆ ಉಣ್ಣುವಾಗ ನನ್ನ ಎದುರಿಗೆ ಒಬ್ಬರು ಕೂತು ಉಂಡರು. ಎಷ್ಟೋ ದಿನದ ಮೇಲೆ.

ಬೆಳಿಗ್ಗೆ ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ಕೋಶ ಸೀಳಿತು. ಒದ್ದೆ ಮುದ್ದೆಯೊಂದು ಈಚೆ ಬಂದು ಕಡ್ಡಿ ಹತ್ತಿ ಜೋತಿತು. ರೆಕ್ಕೆ ಎಂಬುದು ಕಿವಿಯಷ್ಟೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅದು ಇಳಿದು ಇಳಿದು ನನ್ನ ಅಂಗೈಯಷ್ಟಾಯಿತು. ಕಪ್ಪಿನ ಮೇಲೆ ಎರಡು ಬಿಳಿ ಪಟ್ಟೆ, ಕೆಳಗೆ ಕೆಂಪು ಚುಕ್ಕೆಯ ಸಾಲು. ನಾನು ಹುಳದ ಅರ್ಧ ಬದುಕನ್ನಷ್ಟೇ ನೋಡಿದ್ದೆ. ಉಳಿದರ್ಧವನ್ನು ಆ ದಿನ ನೋಡಿದೆ. ಹುಡುಗಿ ಫೋಟೋ ಹಿಡಿದಳು. ಚಿಟ್ಟೆ ಎರಡು ಸಲ ರೆಕ್ಕೆ ಬಡಿದು ಬೇಲಿ ದಾಟಿತು.

"ಮುಗೀತು ಅಜ್ಜಿ," ಅಂದಳು.

ಒಂಬತ್ತರ ಬಸ್ಸಿಗೆ ರಸ್ತೆಯವರೆಗೆ ಹೋದೆ. ಅವಳು ನನ್ನ ಮಂಡಿಗೆ ತಕ್ಕಂತೆ ನಿಧಾನ ನಡೆದಳು.

"ಅಜ್ಜಿ, ಇನ್ಯಾವ್ದಾದ್ರೂ ಗಿಡ ಬಚ್ಚಿಟ್ಟಿದ್ದೀರಾ?"

ನಾನು ನಿಂತೆ. "ಯಾವಾಗಿಂದ ಗೊತ್ತು ನಿಂಗೆ?"

"ಎಕ್ಕ ತೋರಿಸ್ದಾಗ್ಲೇ. ಅದು ನಿಮ್ಮ ಬಚ್ಚಲ ಪಕ್ಕದಲ್ಲೇ ಇತ್ತಲ್ಲ. ಕಾಫಿ ಚೆನ್ನಾಗಿತ್ತು, ಸುಮ್ನಿದ್ದೆ."

"ಕಳ್ಳಿ."

"ಹೇಳಿ ಅಜ್ಜಿ, ಇದ್ಯಾ ಇನ್ನೊಂದು?"

ದೂರದಲ್ಲಿ ಬಸ್ಸಿನ ಧೂಳು ಕಂಡಿತು. ಇದೆ ಅಂದಿದ್ದರೆ ಅವಳು ಬರುತ್ತಿದ್ದಳು, ಅದು ಸುಳ್ಳೆಂದು ಗೊತ್ತಿದ್ದೂ ಬರುತ್ತಿದ್ದಳು. ಕರುಣೆಗೆ ಬರುವವರನ್ನು ಕೂರಿಸಿಕೊಂಡು ಏನು ಮಾತಾಡಲಿ.

"ಇಲ್ಲ ಕಣವ್ವ. ಎಲ್ಲಾ ತೋರಿಸಾಯ್ತು."

ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ಆಮೇಲೆ ಒಂದು ಸಲ ಫೋನ್ ಮಾಡಿ ಪಾಸಾಯಿತು ಅಂದಳು, ಬಂದಿಲ್ಲ. ಬರಬೇಕಾದ ಕೆಲಸವೂ ಇಲ್ಲ. ನಿಜ ಹೇಳಿದ್ದಕ್ಕೆ ಹೆಮ್ಮೆ ಪಟ್ಟೆನೆಂದು ಯಾರೂ ತಿಳಿಯಬೇಡಿ. ರಸ್ತೆಯಿಂದ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.