ಪೃಷ್ಠಭೂಮಿ ಗುಂಪಿನ ಪ್ರೊಫೆಸರ್

ಇವತ್ತು ಮಧ್ಯಾಹ್ನ ನೋಯ್ಡಾದ ನಮ್ಮ ಆಫೀಸಿನ ಹುಲ್ಲಿನ ಮೇಲೆ ಯಾರೋ ಕಿತ್ತಳೆ ಸುಲಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರೊಫೆಸರ್ ಸಾರ್ ನೆನಪಾದರು... ಚಳಿಗಾಲದ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಒಂದೊಂದೇ ತೊಳೆ ಬಾಯಿಗೆ ಹಾಕುತ್ತಾ ಫಾರ್ಮುಗಳನ್ನು ಓದುತ್ತಿದ್ದರು.

ಗಾಮಾ ಕಿರಣ ನೋಡುವ ಟೆಲಿಸ್ಕೋಪನ್ನು ಬಾಹ್ಯಾಕಾಶಕ್ಕೆ ಕಳಿಸುವ ಯೋಜನೆ ಅದು. ಊರೂರಿನ ವಿಜ್ಞಾನಿಗಳು ತುಂಬಿ ಕಳಿಸಿದ ಫಾರ್ಮು ನೋಡಿ ಅವರನ್ನು ಗುಂಪು ಗುಂಪಾಗಿ ಕೂಡಿಸುವ ಹೊಣೆ ಸಾರ್ ಅವರದು. ಪಟ್ಟಿ ಬರೆಯುವ ಕ್ಲರ್ಕ್ ನಾನು. ಇಬ್ಬರೂ ಕನ್ನಡದವರು, ಹಾಗಾಗಿ ನನಗೆ ಸ್ವಲ್ಪ ಸಲಿಗೆ ಜಾಸ್ತಿ.

ಎಲ್ಲರಿಗೂ ಬೇಕಾದದ್ದು ಸ್ಫೋಟಗಳ ಗುಂಪು. ದೊಡ್ಡ ನಕ್ಷತ್ರ ಸಾಯುವಾಗ ಚಿಮ್ಮುವ ಗಾಮಾ ಮಿಂಚನ್ನು ಹಿಡಿಯುವವರು ಅವರು. ಸಾರ್ ಆಯುಷ್ಯವೆಲ್ಲ ಕಾದದ್ದೂ ಅದಕ್ಕೇ. ಆ ಗುಂಪಿನ ಮುಖ್ಯಸ್ಥರು ಅವರೇ ಅಂತ ಎಲ್ಲರೂ ಒಪ್ಪಿದ್ದರು. ಬ್ಯಾಕ್‌ಗ್ರೌಂಡ್ ಗುಂಪಿಗೆ ಮಾತ್ರ ಒಂದು ಹೆಸರೂ ಬರಲಿಲ್ಲ. ಯಂತ್ರದ ಸ್ವಂತ ಗದ್ದಲವನ್ನು ಅಳೆದು ಕಳೆಯುವ ಕೆಲಸ ಅದು, ಬರೀ ಜೀತ. ಆದರೆ ಅದಿಲ್ಲದೆ ಬಂದದ್ದು ಮಿಂಚೋ ಸುಳ್ಳೋ ಗೊತ್ತಾಗುವುದಿಲ್ಲ. ಆ ಗುಂಪು ತುಂಬದೆ ಯೋಜನೆಗೆ ಒಪ್ಪಿಗೆ ಇಲ್ಲ ಅಂತ ಪರಿಶೀಲನಾ ಸಮಿತಿ ಖಡಾಖಂಡಿತವಾಗಿ ಹೇಳಿಬಿಟ್ಟಿತು.

ಸುತ್ತೋಲೆ ಹಿಂದಿಯಲ್ಲೂ ಹೋಗಬೇಕಲ್ಲ? ಬ್ಯಾಕ್‌ಗ್ರೌಂಡ್ ಗುಂಪಿಗೆ ಅನುವಾದ ಬಂತು: ‘ಪೃಷ್ಠಭೂಮಿ ಕಾರ್ಯದಳ’. ಹಿಂದಿಯವರಿಗೆ ಅದು ಹಿನ್ನೆಲೆ. ನಮಗೆ ಪೃಷ್ಠ ಅಂದರೆ...

“ಸಾರ್, ಕುಂಡಿ ಗುಂಪಿಗೆ ಯಾರು ಬರ್ತಾರೆ ಹೇಳಿ!” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

ಸಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, “ಅದಿಲ್ಲದೆ ಕೂರೋಕಾಗುತ್ತೇನಮ್ಮಾ? ಸ್ಫೋಟದ ಪಟ್ಟೀಲಿ ನನ್ನ ಹೆಸರು ಹೊಡೆದುಹಾಕು. ಇದರಲ್ಲಿ ಮೊದಲನೇದಾಗಿ ಬರಿ,” ಅಂದರು.

ನಾನು ಜಗಳವೇ ಆಡಿದೆ. ಇಷ್ಟು ವರ್ಷ ಕಾದು ಈಗ ಕೈಗೆ ಬಂದ ತುತ್ತನ್ನು ಇನ್ನೊಬ್ಬರಿಗೆ ಬಿಡ್ತೀರಾ ಅಂತ ಕೇಳಿದೆ. ಅವರು ಇನ್ನೊಂದು ಹಣ್ಣು ಸುಲಿದು ಅರ್ಧ ನನ್ನ ಕೈಗಿಟ್ಟರು, ಅಷ್ಟೇ. ಎಂಥಾ ಮನುಷ್ಯ ಅಂತ ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಅವರ ಹೆಸರು ನೋಡಿದ್ದೇ, ಯುವ ಸಂಶೋಧಕರ ಫಾರ್ಮುಗಳು ಒಂದರ ಹಿಂದೊಂದು ಬಂದವು. ಗುಂಪು ತುಂಬಿತು, ಒಪ್ಪಿಗೆ ಸಿಕ್ಕಿತು. ಆದರೆ ಟೆಲಿಸ್ಕೋಪ್ ಹಾರುವ ಮೊದಲೇ ಸಾರ್ ತೀರಿಕೊಂಡರು... ಮಲಗಿದವರು ಏಳಲಿಲ್ಲವಂತೆ.

ಮೊನ್ನೆ ಮೊದಲ ಮಿಂಚು ಬಂತು. ಭೂಮಿ ಹುಟ್ಟುವುದಕ್ಕೂ ಮೊದಲು ಹೊರಟ ಬೆಳಕಂತೆ! ಕೇಳಿ ಮೈ ಜುಮ್ಮೆಂದಿತು. ಸ್ಫೋಟದ ಗುಂಪಿನವರು ಉಸಿರು ಬಿಗಿಹಿಡಿದು ಕೂತಿದ್ದರು. ಬ್ಯಾಕ್‌ಗ್ರೌಂಡಿನವರು ಹೂಂ ಅನ್ನದೆ ಅವರು ತುಟಿ ಬಿಚ್ಚುವ ಹಾಗಿಲ್ಲ. ಸಾರ್ ಕೈಯಲ್ಲಿ ಪಳಗಿದ ಹುಡುಗಿ ಕೊನೆಗೆ ತಲೆಯೆತ್ತಿ, “ಯೇ ಹಮಾರಾ ಶೋರ್ ನಹೀಂ ಹೈ, ಆಸ್ಮಾನ್ ಕಾ ಹೈ,” ಅಂದಳು. ನಮ್ಮ ಗದ್ದಲ ಅಲ್ಲ, ಆಕಾಶದ್ದೇ!

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಹೋಗಿ ಅತ್ತೆ. ಅದು ಅಷ್ಟು ಕೋಟಿ ವರ್ಷ ನಡೆದು ಬಂತಲ್ಲ ಸಾರ್, ನಿಮಗೆ ಇನ್ನೆರಡು ವರ್ಷ ಇರೋಕಾಗಲಿಲ್ವಾ?