ಕೆಂಗೇರಿಯ ಹಿಕ್ಕೆ ನೋಡಿ ಬಂದದ್ದು

ವಿಜಯನಗರದ ಖಾಲಿ ಸೈಟುಗಳಲ್ಲಿ ಇನ್ನೂ ಮೇಕೆ ಮೇಯುತ್ತಿದ್ದ ಎಪ್ಪತ್ತರ ದಶಕದ ಮಾತು. ಹೊಸಹಳ್ಳಿಯ ನಮ್ಮ ಕೊಟ್ಟಿಗೆಯ ಮುಂದೆ ನಾನು, ನನ್ನ ಹೆಂಡತಿ ಜಯಮ್ಮ, ಅವಳ ತಾಯಿ, ಮೂವರೂ ನಿಂತು ನಮ್ಮ ಬಿಳಿ ಮೇಕೆಯ ಗದ್ದ ನೋಡುತ್ತಿದ್ದೆವು. ಮಳೆ ಹಿಡಿದು ಹುಲ್ಲು ಚಿಗುರಿದ ಮೇಲೆ ಅದು ಬಡಕಲಾಗಿ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಂಡಿತ್ತು. ಹಿಂದಿನ ಮಳೆಗಾಲದಲ್ಲಿ ಅದರ ತಾಯಿ ಹೀಗೇ ಊದಿ ಸತ್ತಿತ್ತು. ಹೊಟ್ಟೆಯಲ್ಲಿ ಹುಳ. ಅದರ ಮೇಲೆ ಇದು ಗಬ್ಬದ ಮೇಕೆ.

ಜಯಮ್ಮನ ತಂಗಿಯ ಗಂಡ ಕೆಂಪಣ್ಣ ಕೆಂಗೇರಿಯಲ್ಲಿ ಬರೀ ಸೊಪ್ಪು, ಬೀಜ ತಿನ್ನಿಸಿಯೇ ಮೇಕೆಗಳ ಹುಳ ಕಳೆಯುತ್ತಾನೆಂದು ನಮ್ಮತ್ತೆ ವಾರದಿಂದ ಹೇಳುತ್ತಿದ್ದರು. ಕಿರಿಯ ಅಳಿಯನ ಹೆಸರೆತ್ತಿದರೆ ಅವರ ಮುಖದ ಕಳೆಯೇ ಬೇರೆ. ನಾನು ಬರುವುದಿಲ್ಲವೆಂದೆ.

"ಮೇಕೆಗೆ ಹೊಟ್ಟೆಹುಳ, ನಿಮ್ಗೆ ಹೊಟ್ಟೆಕಿಚ್ಚು. ನಡೀರಿ, ಎರಡಕ್ಕೂ ಮದ್ದು ಕೇಳ್ಕೊಂಡ್ ಬರಾಣ," ಎಂದಳು ಜಯಮ್ಮ.

ತುಂತುರು ಮಳೆಯಲ್ಲಿ ಮೈಸೂರು ರಸ್ತೆಯವರೆಗೆ ನಡೆದು ಬಸ್ಸು ಹಿಡಿದೆವು. ನಾಯಂಡಹಳ್ಳಿ ದಾಟಿದ ಮೇಲೆ ಸೀಟು ಸಿಕ್ಕಿತು. ಎರಡೂ ಕಡೆ ರಾಗಿ ಹೊಲ. ಪಕ್ಕದ ಹೆಂಗಸೊಬ್ಬರು ಎಲ್ಲಿಗೆಂದು ಕೇಳಿದ್ದೇ ತಡ, ಅತ್ತೆ ಕೆಂಗೇರಿ ಅಳಿಯನ ಮೇಕೆಗಳ ವರ್ಣನೆ ಶುರುಮಾಡಿ ಕೆಂಗೇರಿ ಬರುವವರೆಗೂ ನಿಲ್ಲಿಸಲಿಲ್ಲ. ಟಿಕೇಟು ತೆಗೆಸಿದ ಇನ್ನೊಬ್ಬ ಅಳಿಯ ಹಿಂದಿನ ಸೀಟಿನಲ್ಲೇ ಇದ್ದಾನೆಂದು ಆ ಹೆಂಗಸಿಗೆ ತಿಳಿಯಲೇ ಇಲ್ಲ.

ಕೆಂಪಣ್ಣನ ಕೊಟ್ಟಿಗೆಯಲ್ಲಿ ನನ್ನ ಕಣ್ಣು ಮೊದಲು ಬಿದ್ದದ್ದು ನೆಲದಲ್ಲಿದ್ದ ಹಿಕ್ಕೆಯ ಮೇಲೆ. ಕಪ್ಪಗೆ, ಗಟ್ಟಿಯಾಗಿ, ಬಿಡಿಬಿಡಿಯಾಗಿ, ಕಡಲೆಕಾಳು ಚೆಲ್ಲಿದ ಹಾಗೆ. ನಮ್ಮ ಮೇಕೆಯದು ಅಂಟಂಟಾಗಿ ಬಾಲಕ್ಕೆ ಮೆತ್ತಿಕೊಳ್ಳುತ್ತಿತ್ತು. ಪರರ ಮನೆ ನೋಡಿ, ಒಡವೆ ನೋಡಿ ಕರುಬುವವರುಂಟು. ನಾನು ಹಿಕ್ಕೆ ನೋಡಿ ಕರುಬಿದೆ.

ಅವನು ಜಾಲಿ, ಬೇವಿನ ಕೊಂಬೆಗಳನ್ನು ಮೇಕೆ ಕತ್ತೆತ್ತಿ ತಿನ್ನುವಷ್ಟು ಎತ್ತರಕ್ಕೆ ಕಟ್ಟಿದ್ದ. ನಮ್ಮ ಮೇಕೆಯ ಊತ, ಗಬ್ಬ ಎಲ್ಲ ಕೇಳಿಕೊಂಡು, ಹುಳದ ಮರಿ ಇರುವುದು ನೆಲದ ಹಸಿ ಹುಲ್ಲಿನಲ್ಲಿ, ಇಬ್ಬನಿ ಆರುವವರೆಗೆ ಹೊರಗೆ ಬಿಡಬಾರದು, ಜಾಲಿಯ ಒಗರು ಹುಳಕ್ಕೆ ಆಗದು ಎಂದೆಲ್ಲ ಹೇಳಿದ. ಗೋಡೆಯ ಗೂಡಿನಲ್ಲಿ ಒಂದು ಡಬ್ಬಿ. ಅದರಲ್ಲಿ ಮುತ್ತುಗದ ಬೀಜದ ಪುಡಿಗೆ ಬೆಲ್ಲ ಕಲಸಿ ಕಟ್ಟಿದ ಉಂಡೆಗಳು. ಹುಳಕ್ಕೆ ಅದನ್ನೇ ಎರಡು ಕೊಡೆಂದು ಕೇಳಿದೆ.

"ಅದು ನಿಮ್ಮೇಕೆಗೆ ಬ್ಯಾಡ ಅಣ್ಣ. ಸೊಪ್ಪೇ ಸಾಕು," ಎಂದು ಮುಚ್ಚಳ ಹಾಕಿದ.

ಸೊಪ್ಪು ರಸ್ತೆ ಬದಿಯಲ್ಲೂ ಸಿಗುತ್ತದೆ. ಅಸಲು ಮದ್ದು ಡಬ್ಬಿಯಲ್ಲಿದೆ, ಅದನ್ನು ಬಚ್ಚಿಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನಾದಿನಿ ಬಿಸಿ ಮುದ್ದೆ, ಹುರುಳಿ ಬಸ್ಸಾರು ಬಡಿಸಿದಳು. ಬಸ್ಸಾರೂ ನಮ್ಮ ಮನೆಯದಕ್ಕಿಂತ ರುಚಿ. ತಡೆಯಲಾಗಲಿಲ್ಲ.

"ಡಬ್ಬಿ ಯಾಕಪ್ಪ ಮುಚ್ಚಿಡ್ತೀಯ, ನಾವೇನ್ ಹೊರಗಿನೋರಾ?" ಎಂದೆ.

ಕೆಂಪಣ್ಣ ಎಂಜಲ ಕೈಯಲ್ಲೇ ಎದ್ದು ಹೋಗಿ, ಎಡಗೈಯಲ್ಲಿ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟ. "ತಗೊಂಡ್ ಹೋಗಿ ಅಣ್ಣ. ಹೋದ್ವರ್ಷ ಗೊತ್ತಿಲ್ದೆ ಗಬ್ಬದ್ವಕ್ಕೂ ತಿನ್ಸ್‌ದೆ. ಎರಡು ಮೇಕೆ ಕಂದು ಹಾಕಿದ್ವು, ಒಂದು ಮರೀನೂ ಉಳೀಲಿಲ್ಲ. ಅತ್ತೆಗೂ ಹೇಳಿರ್ಲಿಲ್ಲ ನಾನು."

ಅತ್ತೆ ತಲೆ ತಗ್ಗಿಸಿ ಮುದ್ದೆ ಮುರಿಯತೊಡಗಿದರು. ಅವರೆದುರು ಅವನ ಸೋಲು ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆನೋ. ಕೇಳಿದ ಮೇಲೆ ಡಬ್ಬಿಯನ್ನು ಅವನ ಕಡೆಗೇ ಸರಿಸಿದೆ.

ಡಬ್ಬಿ ಅಲ್ಲೇ ಬಿಟ್ಟು, ಅವನು ಕಡಿದುಕೊಟ್ಟ ಜಾಲಿ ಸೊಪ್ಪಿನ ಹೊರೆ ಹೊತ್ತು ಹೊರಟೆವು. ಮುಳ್ಳಿನ ಹೊರೆ ಒಳಗೆ ಬೇಡವೆಂದು ಮೈಸೂರು ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಹೇಳಿದಾಗ, ಕೆಂಪಣ್ಣನೇ ಮೇಲೆ ಹತ್ತಿ ಜಾಲಿ ಸೊಪ್ಪನ್ನು ಬಿಗಿದು ಕಟ್ಟಿ ಇಳಿದ. ಬಸ್ಸು ತಿರುಗುವವರೆಗೂ ಮಳೆಯಲ್ಲೇ ನಿಂತಿದ್ದ.

ನಮ್ಮ ಮೇಕೆಯ ಊತ ನಿಧಾನವಾಗಿ ಇಳಿಯಿತು. ದೀಪಾವಳಿಯ ಹೊತ್ತಿಗೆ ಎರಡು ಮರಿ ಹಾಕಿತು. ಹೆಣ್ಣುಮರಿ ಹಾಲು ಬಿಟ್ಟ ಮೇಲೆ ಅದನ್ನು ನಾನೇ ಎತ್ತಿಕೊಂಡು ಹೋಗಿ ಕೆಂಪಣ್ಣನಿಗೆ ಕೊಟ್ಟು ಬಂದೆ. ಯುಗಾದಿಗೆ ಹೋಗಿ ನೋಡಿದರೆ, ನಮ್ಮಲ್ಲುಳಿದ ಗಂಡುಮರಿಗಿಂತ ಅದು ಒಂದು ಗೇಣು ಎತ್ತರ ಬೆಳೆದಿತ್ತು.